ಕ್ಲಚ್ ತುಳಿಯದೆ ಸೆಲ್ಫ್ ಎತ್ತಬಾರದು: ಹಳೆ ಕಾರಿಗೊಂದು ಸೇಫ್ಟಿ ಸ್ವಿಚ್

(ಹಳೆ ಕಾರುಗಳನ್ನು ಇಟ್ಟುಕೊಂಡಿರುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಅಂಬಾಸಿಡರ್ ಒಂದನ್ನು ಫಸ್ಟ್ ಗೇರಿನಲ್ಲಿ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಮುಂದೆ ಗೋಡೆ. ಯಾರೋ ಬಂದು ಕ್ಲಚ್ ತುಳಿಯದೆ ಕೀ ತಿರುಗಿಸಿದರು. ಏನಾಗುತ್ತದೆ? ಎಂಜಿನ್ ಹತ್ತುವ ಮೊದಲೇ ಕಾರು ಹೊರಡುತ್ತದೆ.

ಎಷ್ಟು ವೇಗವಾಗಿ ಅಂತ ಒಂದು ಅಂದಾಜು ಲೆಕ್ಕ ಹಾಕೋಣ. ಸೆಲ್ಫ್ ಮೋಟರ್ ಎಂಜಿನ್ನನ್ನು ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ ತಿರುಗಿಸುತ್ತದೆ. ಫಸ್ಟ್ ಗೇರು ಮತ್ತು ಹಿಂದಿನ ಎರಡು ಚಕ್ರಗಳ ನಡುವಿನ ಗೇರುಗಳ ಡಬ್ಬಿ, ಅಂದರೆ ಡಿಫರೆನ್ಶಿಯಲ್, ಸೇರಿ ಅದನ್ನು 16 ಪಟ್ಟು ಇಳಿಸುತ್ತವೆ ಎಂದಿಟ್ಟುಕೊಳ್ಳಿ. ಆಗ ಚಕ್ರ ನಿಮಿಷಕ್ಕೆ 12 ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. 15 ಇಂಚು ರಿಮ್ಮಿನ ಟೈರು ಒಂದು ಸುತ್ತಿಗೆ ಸುಮಾರು 2 ಮೀಟರ್ ಸಾಗುತ್ತದೆ. ಅಂದರೆ ಕೀ ಹಿಡಿದ ಪ್ರತಿ ಸೆಕೆಂಡಿಗೆ ಕಾರು 40 ಸೆಂಟಿಮೀಟರ್ ಮುಂದಕ್ಕೆ ಹೋಗುತ್ತದೆ. ಇದು ಬರೀ ಬ್ಯಾಟರಿಯ ಬಲದಿಂದ. ಅಷ್ಟರಲ್ಲಿ ಎಂಜಿನ್ ಹತ್ತಿಕೊಂಡರೆ ಲೆಕ್ಕವೇ ಬೇರೆ. ಬೆಳಗ್ಗೆ ಎಂಜಿನ್ ತಣ್ಣಗಿದೆ ಅಂತ, ಪೆಟ್ರೋಲ್ ಜಾಸ್ತಿ ಹೋಗಲು ಚೋಕ್ ಎಳೆದಿರುತ್ತೇವೆ. ಎಂಜಿನ್ 1200 ಸುತ್ತಿಗೆ ಏರಿದರೆ ಕಾರು ಸೆಕೆಂಡಿಗೆ ಎರಡೂವರೆ ಮೀಟರ್ ಹೋಗುತ್ತದೆ. ಮುಂದೆ ನಿಂತವರಿಗೆ ಪಕ್ಕಕ್ಕೆ ಸರಿಯಲು ಸಮಯವೇ ಇರುವುದಿಲ್ಲ.

ಹೊಸ ಕಾರುಗಳಲ್ಲಿ ಈ ಭಯ ಕಡಿಮೆಯಾಗಿದೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಮ್ಯಾನುವಲ್ ಕಾರು ಸಾಮಾನ್ಯವಾಗಿ ಕ್ಲಚ್ ತುಳಿಯದೆ ಸ್ಟಾರ್ಟ್ ಆಗುವುದಿಲ್ಲ. ನಮ್ಮ ಹಳೆ ಕಾರುಗಳಿಗೆ ಆ ಕಾವಲು ಇಲ್ಲ. ಅದನ್ನು ಹೇಗೆ ಕೊಡಬಹುದು ಅನ್ನೋದೇ ಇವತ್ತಿನ ಮಾತು. ಸಾಮಾನು ದುಬಾರಿಯಲ್ಲ. ಒಂದು ಸ್ವಿಚ್, ಒಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸಾಧನ), ಎರಡು ಫ್ಯೂಸ್, ಸ್ವಲ್ಪ ವೈರು. ಆದರೆ ಈ ಕೆಲಸವನ್ನು ತಪ್ಪಾಗಿ ಮಾಡುವ ದಾರಿಗಳು ಬಹಳ ಇವೆ. ತಪ್ಪಾಗಿ ಮಾಡಿದರೂ ಕಾರು ಸ್ಟಾರ್ಟ್ ಆಗುತ್ತದೆ, ಎಲ್ಲ ಸರಿಯಾಗಿದೆ ಅಂತ ಅನ್ನಿಸುತ್ತದೆ. ಅದೇ ನನಗೆ ಚಿಂತೆ. ಹಾಗಾಗಿ ನನ್ನ ಮಾತಿನ ತಿರುಳು ಇಷ್ಟೇ: ಈ ಸ್ವಿಚ್ ಕೆಟ್ಟ ದಿನ ಕಾರು ಏನು ಮಾಡುತ್ತದೆ ಎಂದು ಮೊದಲು ಯೋಚಿಸಿ, ಆಮೇಲೆ ವೈರ್ ಎಳೆಯಿರಿ.

ನಮ್ಮ ಕಡೆಯ ಹಳೆ ಕಾರುಗಳಿಗೆ ಇದು ಯಾಕೆ ಜಾಸ್ತಿ ಬೇಕು ಅಂದರೆ ಅದಕ್ಕೆ ಕಾರಣಗಳಿವೆ. 1958ರಿಂದ ಬಂದ ಅಂಬಾಸಿಡರ್, 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದು ಆಮೇಲೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದ ಕಾರು, ಎರಡರಲ್ಲೂ ಬಹುಕಾಲ ಗೇರ್ ಲಿವರ್ ಇದ್ದದ್ದು ಸ್ಟೇರಿಂಗ್ ಪಕ್ಕದಲ್ಲಿ. ಲಿವರಿನಿಂದ ಗೇರ್‌ಬಾಕ್ಸ್‌ವರೆಗೆ ರಾಡುಗಳು, ಬುಷ್‌ಗಳು, ಕೀಲುಗಳು. ಇವು ಸವೆದ ಕಾರಿನಲ್ಲಿ ಲಿವರ್ ನ್ಯೂಟ್ರಲ್‌ನಲ್ಲಿ ಇದ್ದ ಹಾಗೆ ಕಾಣುತ್ತದೆ, ಅತ್ತಿತ್ತ ಅಲ್ಲಾಡುತ್ತದೆ ಕೂಡ. ಒಳಗೆ ಗೇರು ಕೂತೇ ಇರುತ್ತದೆ. ಲಿವರ್ ಅಲ್ಲಾಡಿಸಿ ನೋಡಿದೆ, ನ್ಯೂಟ್ರಲ್ ಇತ್ತು ಅನ್ನುವ ಮಾತನ್ನು ಇಂಥ ಕಾರಿನಲ್ಲಿ ನಂಬುವ ಹಾಗಿಲ್ಲ.

ಇನ್ನೊಂದು ಹ್ಯಾಂಡ್‌ಬ್ರೇಕ್. ಹಳೆ ಕಾರಿನ ಹ್ಯಾಂಡ್‌ಬ್ರೇಕನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ. ಅದಕ್ಕೇ ಗೇರಿನಲ್ಲಿ ನಿಲ್ಲಿಸುವ ಅಭ್ಯಾಸ ಬಂದಿದೆ. ಮಡಿಕೇರಿ, ಚಿಕ್ಕಮಗಳೂರಿನ ಇಳಿಜಾರು ರಸ್ತೆಗಳಲ್ಲಂತೂ ಗೇರು ಹಾಕಿ, ಟೈರಿಗೆ ಕಲ್ಲು ಕೊಟ್ಟು ನಿಲ್ಲಿಸೋದು ಮಾಮೂಲು. ಒಳ್ಳೆಯ ಅಭ್ಯಾಸವೇ. ಆದರೆ ಮರುದಿನ ಬೇರೆಯವರು ಕೀ ಹಾಕಿದಾಗ ಅದೇ ಅಭ್ಯಾಸ ಅಪಾಯ ತರುತ್ತದೆ. ಗ್ಯಾರೇಜಿನಲ್ಲಿ ಇದು ಇನ್ನೂ ಜಾಸ್ತಿ. ಮೆಕ್ಯಾನಿಕ್ ಬಾನೆಟ್ ಕಡೆ ನೋಡುತ್ತಾ, ಬಾಗಿಲ ಹೊರಗೆ ನಿಂತೇ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸುತ್ತಾರೆ. ಕಾಲು ಪೆಡಲ್ ಮೇಲೆ ಇರೋದು ಸಾಧ್ಯವೇ ಇಲ್ಲ. ಕಾರಿನಲ್ಲಿ ಕೂತು ಆಡುವ ಮಕ್ಕಳ ಕಾಲಂತೂ ಕ್ಲಚ್‌ಗೆ ಎಟುಕುವುದೇ ಇಲ್ಲ. ಈ ಸ್ವಿಚ್ ಬೇಕು ಅನ್ನಲು ನನಗೆ ಆ ಮಕ್ಕಳ ಮಾತೊಂದೇ ಸಾಕು.

ಡೀಸೆಲ್ ಅಂಬಾಸಿಡರ್ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಗೇರಿನಲ್ಲಿ ಹತ್ತಿಕೊಂಡ ಡೀಸೆಲ್ ಎಂಜಿನ್ ಸುಲಭಕ್ಕೆ ನಿಲ್ಲುವುದಿಲ್ಲ. ಕೆಳಗಿನ ವೇಗದಲ್ಲೇ ಅದಕ್ಕೆ ಎಳೆಯುವ ಬಲ ಇರುತ್ತದೆ. ಬರೀ ಕೀ ತೆಗೆದರೆ ಆರದ, ನಾಬ್ ಎಳೆದೇ ನಿಲ್ಲಿಸಬೇಕಾದ ಕಾರಾದರೆ ಗಾಬರಿಯಲ್ಲಿ ಕೈ ನಾಬ್ ಕಡೆಗೆ ಹೋಗೋದು ಕಷ್ಟ.

ಇತಿಹಾಸ ಎರಡೇ ಮಾತಿನಲ್ಲಿ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಹ್ಯಾಂಡಲ್ ಹೊಡೆದು ಕೈ ಮುರಿದುಕೊಳ್ಳುವ ಕಾಲ ಮುಗಿಯುತ್ತಾ ಬಂತು, ಆದರೆ ಕಾರಿನೊಳಗೆ ಯಾರು ಬೇಕಾದರೂ ಎಂಜಿನ್ ತಿರುಗಿಸಬಹುದು ಅನ್ನುವ ಹೊಸ ಅಪಾಯವೂ ಶುರುವಾಯಿತು. ಅಮೆರಿಕದಲ್ಲಿ 1968ರಿಂದ ಆಟೊಮ್ಯಾಟಿಕ್ ಗೇರಿನ ಕಾರುಗಳು ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಬಾರದು ಎಂಬ ನಿಯಮ ಬಂತು. ಮ್ಯಾನುವಲ್ ಕಾರುಗಳಿಗೆ ಕಂಪನಿಗಳು ಕ್ಲಚ್ ಸ್ವಿಚ್ ಹಾಕತೊಡಗಿದ್ದು ನಿಧಾನವಾಗಿ, ತಾವಾಗಿಯೇ.

ಈಗ ಕೆಲಸಕ್ಕೆ ಬರೋಣ. ಸ್ವಿಚ್ ಮಾಡಬೇಕಾದದ್ದು ಸರಳ. ಕ್ಲಚ್ ಪೂರ್ತಿ ತುಳಿದಾಗ ಮಾತ್ರ ಸೆಲ್ಫಿಗೆ ಹೋಗುವ ಸಣ್ಣ ವೈರಿನಲ್ಲಿ ಕರೆಂಟ್ ಹರಿಯಬೇಕು. ಇಲ್ಲಿ 'ಪೂರ್ತಿ' ಅನ್ನುವ ಮಾತಿನಲ್ಲೇ ಬಹಳಷ್ಟು ಜನ ಎಡವುತ್ತಾರೆ.

ಬೆಂಗಳೂರಿನಲ್ಲಿ ಕಾರಿನ ಸಾಮಾನು ಮಾರುವ ಜೆ.ಸಿ. ರೋಡಿಗೆ ಹೋಗಿ ಕೇಳಿದರೆ ಅಂಗಡಿಯವರು ಕೊಡೋದು ಬ್ರೇಕ್ ಲೈಟಿನ ಸ್ವಿಚ್. ಥ್ರೆಡ್ ಇರುವ ಮೈ, ಎರಡು ನಟ್ಟು, ತುದಿಯಲ್ಲಿ ಒಳಗೆ ಹೊರಗೆ ಸರಿಯುವ ಕಡ್ಡಿ, ಅಂದರೆ ಪ್ಲಂಜರ್. ಪೆಡಲ್ ಮೇಲಿದ್ದಾಗ ಅದು ಪ್ಲಂಜರ್ ಒತ್ತಿ ಹಿಡಿದಿರುತ್ತದೆ, ಕರೆಂಟ್ ಕಟ್. ಪೆಡಲ್ ಕೆಳಗಿಳಿದ ತಕ್ಷಣ ಪ್ಲಂಜರ್ ಹೊರಬರುತ್ತದೆ, ಕರೆಂಟ್ ಹರಿಯುತ್ತದೆ. ಬ್ರೇಕ್ ಲೈಟಿಗೆ ಇದು ಸರಿ. ಬ್ರೇಕ್ ಮುಟ್ಟಿದ ಕೂಡಲೇ ದೀಪ ಹತ್ತಬೇಕು. ಕ್ಲಚ್‌ಗೆ ಇದನ್ನೇ ಪೆಡಲಿನ ಮೇಲ್ತುದಿಯಲ್ಲಿ ಹಾಕಿದರೆ, ಪೆಡಲನ್ನು ಚೂರೇ ಚೂರು ಒತ್ತಿದರೂ ಸೆಲ್ಫ್ ಎತ್ತುತ್ತದೆ. ಕ್ಲಚ್ ಇನ್ನೂ ಬಿಟ್ಟೇ ಇರುವುದಿಲ್ಲ, ಅಂದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ಹಿಡಿತ ತಪ್ಪಿರುವುದಿಲ್ಲ. ಕಾಲು ಪೆಡಲಿನ ಮೇಲಿದೆ ಅನ್ನೋದಷ್ಟೇ ಆ ಸ್ವಿಚ್‌ಗೆ ಗೊತ್ತು. ಮಕ್ಕಳ ಮಟ್ಟಿಗೆ ಅದೂ ಒಂದು ಕಾವಲೇ, ಇಲ್ಲ ಅನ್ನಲಾರೆ. ಆದರೆ ಇಷ್ಟು ಕೆಲಸ ಮಾಡಿ ಅರ್ಧ ಕಾವಲು ಯಾಕೆ?

ನನ್ನ ಅಭಿಪ್ರಾಯದಲ್ಲಿ ಸ್ವಿಚ್ ಇರಬೇಕಾದದ್ದು ಪೆಡಲ್ ಪಯಣದ ಕೊನೆಯ ಕಡೆ. ಪೆಡಲ್ ಕೆಳಗೆ ಬಂದು ಒತ್ತಿದಾಗ ಕೂಡುವ, ಅಂದರೆ ಕರೆಂಟ್ ಹರಿಯಲು ಬಿಡುವ ಸ್ವಿಚ್ ಬೇಕು. ಅಂದರೆ ಬ್ರೇಕ್ ಸ್ವಿಚ್‌ಗೆ ತದ್ವಿರುದ್ಧ. ಹೊಸ ಕಾರುಗಳ ಕ್ಲಚ್ ಸ್ವಿಚ್‌ಗಳಲ್ಲಿ ಈ ಬಗೆಯವು ಸಿಗುತ್ತವೆ. ಇಲ್ಲದಿದ್ದರೆ ರೋಲರ್ ಇರುವ, ನೀರು ಧೂಳು ಒಳಗೆ ಹೋಗದ ಮೈಕ್ರೋಸ್ವಿಚ್ ತೆಗೆದುಕೊಳ್ಳಿ. ಕೊಳ್ಳುವ ಮೊದಲು ಮಲ್ಟಿಮೀಟರ್ ಇಟ್ಟು, ಒತ್ತಿದಾಗ ಕೂಡುತ್ತದೋ ಬಿಟ್ಟಾಗ ಕೂಡುತ್ತದೋ ಅಂತ ಅಂಗಡಿಯಲ್ಲೇ ನೋಡಿ.

ಇಲ್ಲೊಂದು ಅಡ್ಡದಾರಿ ಇದೆ. ಕೆಲವು ವೈರಿಂಗ್‌ನವರು ಬ್ರೇಕ್ ಸ್ವಿಚ್ಚನ್ನೇ ಕೆಳಗೆ ಹಾಕಿ, ಐದು ಕಾಲಿನ ರಿಲೇ ಬಳಸಿ ಉಲ್ಟಾ ಮಾಡಿಕೊಡುತ್ತೇನೆ ಅನ್ನುತ್ತಾರೆ. ರಿಲೇಗೆ ಕರೆಂಟ್ ಇಲ್ಲದಾಗ ಕೂಡಿರುವ, 87ಎ ಎಂದು ಗುರುತು ಇರುವ ಕಾಲಿನಿಂದ ಕರೆಂಟ್ ತೆಗೆಯುವ ಉಪಾಯ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿ ಸೆಲ್ಫನ್ನು ತಡೆಯಲು ರಿಲೇಗೆ ಕರೆಂಟ್ ಬರುತ್ತಲೇ ಇರಬೇಕು. ಸ್ವಿಚ್ಚಿನ ವೈರ್ ಒಂದು ದಿನ ಕಿತ್ತು ಹೋಯಿತು ಅಂದುಕೊಳ್ಳಿ. ರಿಲೇ ಬಿಟ್ಟುಬಿಡುತ್ತದೆ, ಸೆಲ್ಫಿಗೆ ದಾರಿ ಸದಾ ತೆರೆದಿರುತ್ತದೆ. ಕಾವಲು ಹೋಗಿದೆ, ನಿಮಗೆ ಗೊತ್ತೇ ಆಗುವುದಿಲ್ಲ. ದಯವಿಟ್ಟು ಇದನ್ನು ಮಾಡಿಸಬೇಡಿ.

ಸ್ವಿಚ್ ಎಲ್ಲಿ ಕೂಡಬೇಕು ಎಂದು ತಿಳಿಯಲು ಕ್ಲಚ್ ಎಲ್ಲಿ ಬಿಡುತ್ತದೆ ಅಂತ ಮೊದಲು ಕಂಡುಹಿಡಿಯಬೇಕು. ಕಾರನ್ನು ಸಮ ನೆಲದಲ್ಲಿ ನಿಲ್ಲಿಸಿ. ಅಂಬಾಸಿಡರ್, ಪದ್ಮಿನಿಯ ಹಾಗೆ ಎಂಜಿನ್ ಹಿಂದಿನ ಚಕ್ರ ತಿರುಗಿಸುವ ಕಾರಾದರೆ ಮುಂದಿನ ಟೈರುಗಳಿಗೆ ಕಟ್ಟೆ ಕೊಡಿ (ಮಾರುತಿ 800ರಲ್ಲಿ ತಿರುಗುವುದು ಮುಂದಿನ ಚಕ್ರ, ಅಲ್ಲಿ ಹಿಂದು ಮುಂದು ಬದಲಿಸಿಕೊಳ್ಳಿ). ಹಿಂದೆ ಎತ್ತುವಾಗ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಗೇರು ಹಾಕಿ. ಒಬ್ಬರು ಹಿಂದಿನ ಎರಡೂ ಚಕ್ರಗಳನ್ನು ಒಂದೇ ಕಡೆಗೆ ತಿರುಗಿಸಲು ನೋಡಲಿ. ಒಂದೇ ಚಕ್ರ ತಿರುಗಿಸಿದರೆ ಡಿಫರೆನ್ಶಿಯಲ್‌ನಿಂದಾಗಿ ಇನ್ನೊಂದು ಉಲ್ಟಾ ತಿರುಗಿ ಮೋಸವಾಗುತ್ತದೆ. ಇನ್ನೊಬ್ಬರು ಪೆಡಲನ್ನು ನಿಧಾನವಾಗಿ ಒತ್ತುತ್ತಾ ಹೋಗಲಿ. ಒಂದು ಹಂತದಲ್ಲಿ ಚಕ್ರಗಳು ಬಿಡಿಯಾಗಿ ತಿರುಗುತ್ತವೆ. ಅಲ್ಲಿ ಪೆಡಲಿನ ಎತ್ತರ ಅಳೆದು ಗುರುತು ಮಾಡಿ. ಸ್ವಿಚ್ ಕೂಡಬೇಕಾದದ್ದು ಆ ಗುರುತಿಗಿಂತ ಒಂದು ಸೆಂಟಿಮೀಟರಿನಷ್ಟು ಕೆಳಗೆ. ಪ್ಲೇಟ್ ಸವೆದಂತೆ, ಅಡ್ಜಸ್ಟ್‌ಮೆಂಟ್ ಬದಲಾದಂತೆ ಬಿಡುವ ಜಾಗ ಸರಿಯುತ್ತದೆ. ಆ ಒಂದು ಸೆಂಟಿಮೀಟರ್ ಅದಕ್ಕಾಗಿ.

ಹೀಗೆ ಅಳೆಯುವಾಗಲೇ ಕ್ಲಚ್ಚಿನ ಆರೋಗ್ಯವೂ ಗೊತ್ತಾಗುತ್ತದೆ. ಪೆಡಲ್ ನೆಲ ಮುಟ್ಟಿದರೂ ಚಕ್ರ ಬಿಡದಿದ್ದರೆ ಸ್ವಿಚ್ ಕೆಲಸ ಅಲ್ಲಿಗೇ ನಿಲ್ಲಿಸಿ. ಮೊದಲು ಕ್ಲಚ್ ಸರಿಮಾಡಿಸಿ.

ಕೂರಿಸುವಾಗ ಒಂದು ಮಾತು ನೆನಪಿರಲಿ. ಸ್ವಿಚ್ ಪೆಡಲನ್ನು ನಿಲ್ಲಿಸುವ ತಡೆಯಾಗಬಾರದು. ಗಾಬರಿಯಲ್ಲಿ ತುಳಿಯುವ ಕಾಲಿನ ಬಲ ಬಹಳ ಜಾಸ್ತಿ. ಅಷ್ಟು ಬಲ ಸಣ್ಣ ಪ್ಲಾಸ್ಟಿಕ್ ಸ್ವಿಚ್ಚಿನ ಮೇಲೆ ಬಿದ್ದರೆ ಅದು ಮುರಿಯುತ್ತದೆ. ಇಲ್ಲವೇ ಪೆಡಲ್ ಪೂರ್ತಿ ಇಳಿಯದೆ ಗೇರು ಕರಕರ ಅನ್ನುತ್ತದೆ. ಪೆಡಲ್ ತನ್ನ ನಿಜವಾದ ತಡೆಗೆ ಬಡಿದಾಗಲೂ ಪ್ಲಂಜರ್ ಇನ್ನೂ ಸ್ವಲ್ಪ ಒಳಹೋಗುವಂತಿರಬೇಕು. ಪೆಡಲಿನ ಪಕ್ಕದಲ್ಲಿ ರೋಲರ್ ಸವರಿಕೊಂಡು ಹೋಗುವ ಹಾಗೆ ಮೈಕ್ರೋಸ್ವಿಚ್ ಕೂರಿಸಿದರೆ ಈ ತಲೆನೋವೇ ಇಲ್ಲ. ಮಾರುತಿ 800ರ ಹಾಗೆ ಪೆಡಲ್ ಮೇಲಿಂದ ನೇತಾಡುವ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಪೆಡಲ್ ಬ್ರ್ಯಾಕೆಟ್ಟಿಗೇ ಇದನ್ನು ಕಟ್ಟಬಹುದು. ಫೋಕ್ಸ್‌ವ್ಯಾಗನ್ ಬೀಟಲ್‌ನ ಹಾಗೆ ಪೆಡಲ್ ನೆಲದಿಂದ ಎದ್ದು ಬರುವ ಕಾರಿನಲ್ಲಿ ಜಾಗ ಹುಡುಕೋದು ಕಷ್ಟ. ನೀರು, ಮಣ್ಣು, ಚಪ್ಪಲಿಯ ಕೆಸರು ಎಲ್ಲಾ ಅಲ್ಲೇ ಸೇರುತ್ತವೆ. ಸ್ವಿಚ್ಚನ್ನು ಆದಷ್ಟು ಮೇಲಕ್ಕೆ ಕಟ್ಟಿ, ಒಳ್ಳೆಯ ಸೀಲ್ ಇರುವುದನ್ನೇ ಹಾಕಿ.

ಇನ್ನು ವೈರಿಂಗ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸೆಲ್ಫಿನಲ್ಲಿ ಎರಡು ದಾರಿಗಳಿವೆ. ಬ್ಯಾಟರಿಯಿಂದ ಮೋಟರಿಗೆ ಹೋಗುವ ದಪ್ಪ ಕೇಬಲ್ ಒಂದು. ಅದರಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ, ಅದರ ತಂಟೆಗೆ ಹೋಗಬಾರದು. ಇನ್ನೊಂದು ಕೀಯಿಂದ ಸೊಲೆನಾಯ್ಡ್‌ಗೆ, ಅಂದರೆ ಆ ದಪ್ಪ ಕೇಬಲ್ಲಿನ ಕರೆಂಟನ್ನು ಮೋಟರಿಗೆ ಕೂಡಿಸುವ ವಿದ್ಯುತ್ ಸ್ವಿಚ್‌ಗೆ, ಹೋಗುವ ಸಣ್ಣ ವೈರು. ನಮ್ಮ ಕೆಲಸವೆಲ್ಲ ಇದರಲ್ಲಿ. ಲೂಕಾಸ್ ಕಂಪನಿಯ ಪದ್ಧತಿಯ ಬ್ರಿಟಿಷ್ ವೈರಿಂಗಿನಲ್ಲಿ ಈ ವೈರು ಬಿಳಿಯ ಮೇಲೆ ಕೆಂಪು ಗೆರೆ. ಕಂದು ಬಣ್ಣದ್ದು ಬ್ಯಾಟರಿಯಿಂದ ಸದಾ ಕರೆಂಟ್ ಇರುವ ವೈರು. ಬರೀ ಬಿಳಿ ಇಗ್ನಿಶನ್. ಕಪ್ಪು ಅರ್ತ್, ಅಂದರೆ ಕಾರಿನ ಬಾಡಿಗೆ ಸೇರುವ ವೈರು. ಆದರೆ ನಲವತ್ತು ಐವತ್ತು ವರ್ಷದಲ್ಲಿ ಎಷ್ಟು ಕೈಗಳು ಆ ವೈರಿಂಗ್ ಮುಟ್ಟಿವೆಯೋ ಹೇಳಲಾಗದು. ಬಣ್ಣ ನಂಬಬೇಡಿ, ಟೆಸ್ಟ್ ಲ್ಯಾಂಪ್ ನಂಬಿ. ಸೊಲೆನಾಯ್ಡ್ ಹತ್ತಿರ ಸಣ್ಣ ವೈರು ಬಿಚ್ಚಿ ಲ್ಯಾಂಪ್ ಹಚ್ಚಿ ನೋಡಿ. ಕೀಯನ್ನು ಸ್ಟಾರ್ಟ್ ಜಾಗಕ್ಕೆ ತಿರುಗಿಸಿದಾಗ ಮಾತ್ರ ಹತ್ತಿ, ಬಿಟ್ಟ ಕೂಡಲೇ ಆರಿದರೆ ಅದೇ ನಮಗೆ ಬೇಕಾದ ವೈರು. ಅದು ಖಾತ್ರಿಯಾದ ಮೇಲೆ, ವೈರು ಜೋಡಿಸುವ ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯಿಂದ ಕಾರಿನ ಬಾಡಿಗೆ ಕಟ್ಟಿರುವ ತಂತಿ ಬಿಚ್ಚಿ. ತೀರಾ ಹಳೆಯ ಬ್ರಿಟಿಷ್ ಮೂಲದ ಕಾರುಗಳಲ್ಲಿ ಬಾಡಿಗೆ ಪಾಸಿಟಿವ್ ಕಟ್ಟಿರೋದು ಉಂಟು. ಅದನ್ನೂ ಗಮನಿಸಿ.

ಇಗ್ನಿಶನ್ ವೈರಿಗೆ ಮಾತ್ರ ಈ ಸ್ವಿಚ್ ಸೇರಿಸಲೇಬೇಡಿ. ಸೇರಿಸಿದರೆ ಕ್ಲಚ್ ಪೆಡಲಿನಿಂದ ಕಾಲು ತೆಗೆದ ಕೂಡಲೇ ಎಂಜಿನ್ ಆಫ್ ಆಗುತ್ತದೆ.

ಸಣ್ಣ ವೈರು ತಾನೇ, ಅದನ್ನು ಕತ್ತರಿಸಿ ನಡುವೆ ಸ್ವಿಚ್ ಹಾಕಿದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಮಾರುತಿ 800ರಂಥ ಕಾರುಗಳಲ್ಲಿ ಸೊಲೆನಾಯ್ಡ್ ಮೋಟರಿನ ಬೆನ್ನ ಮೇಲೇ ಇರುತ್ತದೆ. ಅದು ಗೇರನ್ನು ಫ್ಲೈವೀಲಿಗೆ ತಳ್ಳುವ ಕೆಲಸವನ್ನೂ ಮಾಡಬೇಕು. ಅದಕ್ಕೆ ಎಳೆಯುವ ಕ್ಷಣದಲ್ಲಿ 20, 30 ಆಂಪಿಯರ್, ಕೆಲವದರಲ್ಲಿ ಇನ್ನೂ ಜಾಸ್ತಿ ಬೇಕು. ಪೆಡಲ್ ಸ್ವಿಚ್ ಅದನ್ನು ಹೊರಲಾರದು. ಕಾಂಟ್ಯಾಕ್ಟ್ ಸುಟ್ಟು ಒಂದು ದಿನ ಕೂಡುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಬೆಸುಗೆಯಾಗಿ ಸದಾ ಕೂಡಿಯೇ ಇರಬಹುದು. ಹಳೆ ಅಂಬಾಸಿಡರ್‌ಗಳಲ್ಲಿ ಸೊಲೆನಾಯ್ಡ್ ಬೇರೆ, ಮೋಟರ್ ಬೇರೆ. ಅದು ಎಳೆಯುವ ಕರೆಂಟ್ ಬಹಳ ಕಡಿಮೆ. ಆದರೂ ನಾನು ಎಲ್ಲಕ್ಕೂ ರಿಲೇ ಹಾಕಿ ಅನ್ನುತ್ತೇನೆ.

ಮಾಮೂಲು 12 ವೋಲ್ಟಿನ ನಾಲ್ಕು ಕಾಲಿನ ರಿಲೇ, 30 ಅಥವಾ 40 ಆಂಪಿಯರಿನದು. ಅದರ ಕಾಲುಗಳ ಮೇಲೆ ನಂಬರ್ ಇರುತ್ತದೆ. 30 ಎಂದಿರುವ ಕಾಲಿಗೆ ಬ್ಯಾಟರಿಯ ಕರೆಂಟ್, ನಡುವೆ 30 ಆಂಪಿಯರ್ ಫ್ಯೂಸ್. 87ರಿಂದ ಸೊಲೆನಾಯ್ಡಿನ ಸಣ್ಣ ಟರ್ಮಿನಲ್‌ಗೆ. ಈ ಎರಡಕ್ಕೂ 4 ಚದರ ಮಿಲಿಮೀಟರ್ ವೈರ್ ಎಳೆಯಿರಿ. ಉಳಿದ 85, 86 ಕಾಲುಗಳು ರಿಲೇಯನ್ನು ಎಳೆದು ಕೂಡಿಸುವ ತಂತಿ ಸುರುಳಿಯವು, ಅಂದರೆ ಕಾಯಿಲ್‌ನವು. ಅದು ಕುಡಿಯುವ ಕರೆಂಟ್ 0.15ರಿಂದ 0.2 ಆಂಪಿಯರ್ ಅಷ್ಟೇ. ಪೆಡಲ್ ಸ್ವಿಚ್ ಇರಬೇಕಾದದ್ದು ಈ ಸಣ್ಣ ಕರೆಂಟಿನ ದಾರಿಯಲ್ಲಿ. 1 ಚದರ ಮಿಲಿಮೀಟರ್ ವೈರು ಧಾರಾಳ ಸಾಕು.

ರಿಲೇ ಹಾಕಿದ್ದರಿಂದ ಇನ್ನೊಂದು ಲಾಭವೂ ಇದೆ. ಹಳೆ ಕಾರಿನಲ್ಲಿ ಸ್ಟಾರ್ಟ್ ಕರೆಂಟ್ ಕೀ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟ್ ದಾಟಿ, ಹಳೇ ಜಾಯಿಂಟುಗಳನ್ನು ದಾಟಿ ಸೊಲೆನಾಯ್ಡ್ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಕೀ ತಿರುಗಿಸಿದಾಗ ಬರೀ 'ಟಕ್' ಅಂದು ಸುಮ್ಮನಾಗುವ ಎಷ್ಟೋ ಕಾರುಗಳ ಕಾಯಿಲೆ ಇದೇ. ರಿಲೇ ಬ್ಯಾಟರಿಯಿಂದ ನೇರ ಕರೆಂಟ್ ಕೊಡುವುದರಿಂದ ಸೆಲ್ಫ್ ಚುರುಕಾಗಿ ಎತ್ತುತ್ತದೆ. ಸಿಗದೇ ಇರುವ ಹಳೆಯ ಕೀ ಸ್ವಿಚ್ಚಿಗೂ ಆಯಸ್ಸು ಬರುತ್ತದೆ.

ಈಗ ನಾನು ಮೊದಲು ಹೇಳಿದ ತಿರುಳಿಗೆ ಬರುತ್ತೇನೆ. ಪೆಡಲ್ ಸ್ವಿಚ್ಚನ್ನು ಕಾಯಿಲಿನ ಯಾವ ಕಡೆ ಹಾಕಬೇಕು? ಬಹಳ ಜನ ಅರ್ತ್ ಕಡೆ ಹಾಕುತ್ತಾರೆ. ಯಾಕೆಂದರೆ ಸುಲಭ. ಕೀಯಿಂದ ಬಂದ ವೈರು 86ಕ್ಕೆ, 85ರಿಂದ ಒಂದೇ ವೈರು ಪೆಡಲ್ ಹತ್ತಿರ ಹೋಗಿ ಸ್ವಿಚ್ ದಾಟಿ ಬಾಡಿಗೆ. ವೈರೂ ಉಳಿತಾಯ. ಆದರೆ ಆ ವೈರು ಡ್ಯಾಶ್ ಕೆಳಗೆ ಯಾವುದೋ ಚೂಪು ಅಂಚಿಗೆ ಉಜ್ಜಿ, ಸುಲಿದು, ಬಾಡಿಗೆ ತಗುಲಿತು ಅಂದುಕೊಳ್ಳಿ. ಆಗ ಏನಾಗುತ್ತದೆ? ಸ್ವಿಚ್ ಒತ್ತಿದ ಹಾಗೇ ಆಗುತ್ತದೆ. ಕ್ಲಚ್ ತುಳಿಯದೆಯೂ ಕಾರು ಸ್ಟಾರ್ಟ್ ಆಗುತ್ತದೆ. ಫ್ಯೂಸ್ ಹೋಗುವುದಿಲ್ಲ, ದೀಪ ಹತ್ತುವುದಿಲ್ಲ. ನೀವು ಅಭ್ಯಾಸದಂತೆ ಕ್ಲಚ್ ತುಳಿದೇ ಸ್ಟಾರ್ಟ್ ಮಾಡುತ್ತೀರಿ, ಹಾಗಾಗಿ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಮಗು ಕೀ ತಿರುಗಿಸಿದ ದಿನ ಗೊತ್ತಾಗುತ್ತದೆ.

ಅದೇ ಸ್ವಿಚ್ಚನ್ನು ಕರೆಂಟ್ ಬರುವ ಕಡೆ ಹಾಕಿ. ಕೀಯ ಸ್ಟಾರ್ಟ್ ವೈರಿನಿಂದ 3 ಆಂಪಿಯರ್ ಫ್ಯೂಸ್, ಅಲ್ಲಿಂದ ಪೆಡಲ್ ಸ್ವಿಚ್, ಅಲ್ಲಿಂದ 86. ಇನ್ನೊಂದು ತುದಿ 85, ರಿಲೇ ಪಕ್ಕದಲ್ಲೇ ಬಾಡಿಗೆ. ಈಗ ವೈರು ಸುಲಿದು ಬಾಡಿಗೆ ತಗುಲಿದರೆ ಫ್ಯೂಸ್ ಹೋಗುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ. ವೈರು ಕಿತ್ತರೂ ಸ್ಟಾರ್ಟ್ ಆಗುವುದಿಲ್ಲ. ಕನೆಕ್ಟರ್ ಸಡಿಲವಾದರೂ ಅಷ್ಟೇ. ಕೆಟ್ಟರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಕೆಟ್ಟಿದೆ ಅಂತ ನಿಮಗೆ ಅವತ್ತೇ ತಿಳಿಯುತ್ತದೆ. ಒಂದೆರಡು ಅಡಿ ವೈರು ಜಾಸ್ತಿ ಹೋಯಿತು, ಅಷ್ಟೇ ತಾನೇ? ಈ ಸ್ವಿಚ್ ಹಾಕುವವರಿಗೆಲ್ಲ ನಾನು ಒತ್ತಿ ಹೇಳುವುದು ಇದನ್ನೇ.

ಹಾಗಂತ ಈ ಸ್ವಿಚ್ ಎಲ್ಲವನ್ನೂ ಕಾಯುವುದಿಲ್ಲ. ಅದಕ್ಕೆ ಗೊತ್ತಿರುವುದು ಪೆಡಲ್ ಎಲ್ಲಿದೆ ಅನ್ನೋದು ಮಾತ್ರ. ಕ್ಲಚ್ ಬಿಟ್ಟಿದೆಯೋ ಇಲ್ಲವೋ ಅದಕ್ಕೆ ಕಾಣದು. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದ್ದರೆ ಪೆಡಲ್ ಸಲೀಸಾಗಿ ನೆಲಕ್ಕಿಳಿಯುತ್ತದೆ, ಸ್ವಿಚ್ ಕೂಡುತ್ತದೆ, ಒಳಗೆ ಕ್ಲಚ್ ಹಿಡಿದೇ ಇರುತ್ತದೆ. ಕೇಬಲ್ ಕ್ಲಚ್ಚಿನಲ್ಲಿ ಕೇಬಲ್ ತುಂಡಾದರೆ ಪೆಡಲ್ ನೆಲದಲ್ಲೇ ಬಿದ್ದಿರಬಹುದು. ಆಗ ಸ್ವಿಚ್ ಸದಾ ಕೂಡಿರುತ್ತದೆ. ದಪ್ಪ ನಾರಿನ ಮ್ಯಾಟ್ ಜರುಗಿ ಪೆಡಲ್ ಮೇಲೆ ಕೂತರೂ ಇದೇ ಕಥೆ. ಇನ್ನು ಬಾನೆಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ಸೊಲೆನಾಯ್ಡ್ ಶಾರ್ಟ್ ಮಾಡಿ ಎತ್ತುವವರನ್ನು ಯಾವ ಸ್ವಿಚ್ಚೂ ತಡೆಯಲಾರದು. ಕೆಲವು ಲೂಕಾಸ್ ಸೊಲೆನಾಯ್ಡ್‌ಗಳ ಹಿಂದೆ ಕೈಯಲ್ಲೇ ಒತ್ತುವ ರಬ್ಬರ್ ಬಟನ್ ಇರುತ್ತದೆ, ಅದೂ ಹಾಗೆಯೇ. ಹ್ಯಾಂಡಲ್ ಹೊಡೆಯುವಾಗಲೂ ಅಷ್ಟೇ. ಸ್ವಿಚ್ ಇದೆ ಅಂತ ನ್ಯೂಟ್ರಲ್ ನೋಡುವ ಅಭ್ಯಾಸ ಬಿಡಬೇಡಿ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಮುಂದೆ ಹಿಂದೆ ಬಯಲು ಇರುವ ಜಾಗ ಬೇಕು, ಟೈರಿಗೆ ಕಟ್ಟೆ ಬೇಕು. ಮೊದಲು ನ್ಯೂಟ್ರಲ್‌ನಲ್ಲೇ ಶುರು ಮಾಡಿ. ಕ್ಲಚ್ ತುಳಿಯದೆ ಕೀ ತಿರುಗಿಸಿ: ಏನೂ ಆಗಬಾರದು. ಅರ್ಧ ತುಳಿದು ನೋಡಿ: ಆಗಲೂ ಏನೂ ಆಗಬಾರದು. ಪೂರ್ತಿ ತುಳಿದರೆ ಎತ್ತಬೇಕು. ಎತ್ತುತ್ತಿರುವಾಗಲೇ ಪೆಡಲ್ ಬಿಟ್ಟರೆ ಸೆಲ್ಫ್ ತಕ್ಷಣ ನಿಲ್ಲಬೇಕು. ಎಂಜಿನ್ ಓಡುತ್ತಿರುವಾಗ ಪೆಡಲ್ ಬಿಟ್ಟರೆ ಎಂಜಿನ್ ತನ್ನ ಪಾಡಿಗೆ ಓಡುತ್ತಿರಬೇಕು. ಇದಾದ ಮೇಲೆ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಕ್ಲಚ್ ಪೂರ್ತಿ ತುಳಿದು ಕೀ ತಿರುಗಿಸಿ. ಸ್ಟಾರ್ಟ್ ಆಗಬಾರದು. ಈ ಕೊನೆಯ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಅದೇ. ಆಯುಧಪೂಜೆಗೆ ಕಾರು ತೊಳೆಯುವಾಗ ವರ್ಷಕ್ಕೊಮ್ಮೆ ಇದನ್ನೂ ಮಾಡಿಬಿಡಿ.

ಕಾರಿನ ಹಳೆತನ ಕೆಡುತ್ತದೆ ಅನ್ನುವವರಿಗೂ ಒಂದು ಮಾತು. ಈ ಕೆಲಸಕ್ಕೆ ಬಾಡಿಗೆ ಒಂದು ತೂತೂ ಕೊರೆಯಬೇಕಾಗಿಲ್ಲ. ಇರುವ ಬೋಲ್ಟಿಗೇ ಬ್ರ್ಯಾಕೆಟ್ ಕಟ್ಟಿ. ಮೂಲ ವೈರನ್ನು ಮಧ್ಯದಲ್ಲಿ ಕತ್ತರಿಸದೆ ಸೊಲೆನಾಯ್ಡ್ ತುದಿಯಲ್ಲಿ ಬಿಚ್ಚಿ ಕನೆಕ್ಟರ್ ಕೊಡಿ. ಬೇಡವಾದ ದಿನ ಅರ್ಧ ಗಂಟೆಯಲ್ಲಿ ಮೊದಲಿನಂತೆ ಮಾಡಬಹುದು. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನೋಂದಣಿ ನಿಯಮ 50 ವರ್ಷ ದಾಟಿದ ಕಾರುಗಳಿಗೆ 'ವಿಎ' ಅಕ್ಷರದ ನಂಬರ್ ಕೊಡುತ್ತದೆ. ಅದು ಮುಖ್ಯವಾಗಿ ಕೇಳುವುದು ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿ ಇರಬೇಕು ಅಂತ. ಡ್ಯಾಶ್ ಕೆಳಗಿನ ಒಂದು ರಿಲೇ ಆ ರೂಪವನ್ನು ಮುಟ್ಟುವುದಿಲ್ಲ. ಏನು ಮಾಡಿದ್ದೀರಿ ಎಂದು ಒಂದು ಕಾಗದದಲ್ಲಿ ಚಿತ್ರ ಬರೆದು ಗ್ಲವ್‌ಬಾಕ್ಸಿನಲ್ಲಿ ಇಡಿ. ನಿಮ್ಮ ನಂತರ ಆ ಕಾರು ನೋಡಿಕೊಳ್ಳುವವರಿಗೆ ಅದು ಬೇಕಾಗುತ್ತದೆ.

ಮಾತು ಮುಗಿದ ಮೇಲೆ ಕೇಳಿದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ತಳ್ಳಿ ಸ್ಟಾರ್ಟ್ ಮಾಡೋಕೆ ತೊಂದರೆ ಆಗುತ್ತದೆಯೇ ಎಂದು ಒಬ್ಬರು ಕೇಳಿದರು. ಇಲ್ಲ. ತಳ್ಳುವಾಗ ಸೆಲ್ಫ್ ಕೆಲಸವೇ ಇಲ್ಲ. ಇಗ್ನಿಶನ್ ಆನ್ ಇದ್ದರೆ ಸಾಕು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂದಿನಂತೆ ಹತ್ತುತ್ತದೆ.

ರೈಲ್ವೆ ಗೇಟ್ ಮಧ್ಯೆ ಎಂಜಿನ್ ಸತ್ತರೆ ಫಸ್ಟ್ ಗೇರ್ ಹಾಕಿ ಸೆಲ್ಫಿನಲ್ಲೇ ಕಾರನ್ನು ಹಳಿ ದಾಟಿಸುವುದು ಹಳೆ ಡ್ರೈವರುಗಳ ಉಪಾಯ. ಅದು ಹೋಗುತ್ತದಲ್ಲ ಎಂದು ಇನ್ನೊಬ್ಬರು. ನಿಜ, ಹೋಗುತ್ತದೆ. ಅದು ಬೇಕು ಅನ್ನುವವರು ಪೆಡಲ್ ಸ್ವಿಚ್ಚಿಗೆ ಪಕ್ಕದಾರಿಯಾಗಿ ಡ್ಯಾಶ್ ಕೆಳಗೆ, ಮಕ್ಕಳ ಕೈಗೆ ಸಿಗದ ಕಡೆ, ಒಂದು ಬಟನ್ ಕೊಡಬಹುದು. ಅದು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡುವ ಬಟನ್ ಆಗಿರಬೇಕು. ಆನ್ ಆಫ್ ಮಾಡುವ ಟಾಗಲ್ ಬೇಡ. ಟಾಗಲ್ ಒಮ್ಮೆ ಆನ್ ಆದರೆ ಆನ್ ಆಗಿಯೇ ಉಳಿಯುತ್ತದೆ, ಇಷ್ಟೆಲ್ಲ ಮಾಡಿದ್ದು ದಂಡ.

ಕ್ಲಚ್ ತುಳಿದು ಸ್ಟಾರ್ಟ್ ಮಾಡಿದರೆ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಥ್ರಸ್ಟ್ ವಾಷರ್, ಅಂದರೆ ಆ ದಂಡ ಹಿಂದೆ ಮುಂದೆ ಸರಿಯದಂತೆ ತಡೆಯುವ ಬಿಲ್ಲೆ, ಸವೆಯುತ್ತದೆ ಅನ್ನುತ್ತಾರಲ್ಲ? ಇದು ಒಳ್ಳೆಯ ಪ್ರಶ್ನೆ. ಕ್ಲಚ್ ತುಳಿದಾಗ ಕ್ರ್ಯಾಂಕ್ ಮುಂದಕ್ಕೆ ಒತ್ತಲ್ಪಡುತ್ತದೆ. ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಆಯಿಲ್ ಪ್ರೆಷರ್ ಬಂದಿರುವುದಿಲ್ಲ. ಹಾಗಾಗಿ ಸವೆತ ಸುಳ್ಳಲ್ಲ. ಟ್ರಯಂಫ್ ಸ್ಪಿಟ್‌ಫೈರ್‌ನಂಥ ಕಾರುಗಳಲ್ಲಿ ಈ ವಾಷರ್ ಹೆಸರುವಾಸಿ ದುರ್ಬಲ ಜಾಗ. ಆದರೆ ಗೇರ್‌ಬಾಕ್ಸಿನ ಗಟ್ಟಿ ಎಣ್ಣೆಯನ್ನು ಕಲಕುವ ಭಾರ ಸೆಲ್ಫಿಗೆ ತಪ್ಪುತ್ತದೆ, ಎಂಜಿನ್ ಬೇಗ ಹತ್ತುತ್ತದೆ ಅನ್ನೋದೂ ಅಷ್ಟೇ ನಿಜ. ಚೆನ್ನಾಗಿರುವ ಎಂಜಿನ್ನಿಗೆ ಆ ಎರಡು ಸೆಕೆಂಡಿನಿಂದ ಆಗುವ ಸವೆತಕ್ಕಿಂತ ಸಿಗ್ನಲ್ಲಿನಲ್ಲಿ ಗೇರು ಹಾಕಿ ಕ್ಲಚ್ ತುಳಿದು ಕೂರುವುದರಿಂದ ಆಗುವ ಸವೆತವೇ ಜಾಸ್ತಿ ಎಂದು ನನ್ನ ಎಣಿಕೆ. ಅನುಮಾನ ಇದ್ದರೆ ಒಬ್ಬರು ಕ್ಲಚ್ ತುಳಿದು ಬಿಡುತ್ತಿರಲಿ, ನೀವು ಮುಂದೆ ಕ್ರ್ಯಾಂಕ್ ಪುಲ್ಲಿ ನೋಡಿ. ಎಂಜಿನ್ ಆಫ್ ಇರಲಿ. ಪುಲ್ಲಿ ಹಿಂದೆ ಮುಂದೆ ಸರಿಯೋದು ಬರಿಗಣ್ಣಿಗೆ ಚೆನ್ನಾಗಿ ಕಂಡರೆ ಆ ಕಾರಿಗೆ ಮೊದಲು ಎಂಜಿನ್ ಕೆಲಸ ಆಗಬೇಕು.

ಕೊನೆಯ ಪ್ರಶ್ನೆ ಒಬ್ಬ ಹೆಣ್ಣುಮಗಳದು. ಅವರ ಪದ್ಮಿನಿ ಬಿಸಿಯಾದಾಗ ಆಕ್ಸಿಲರೇಟರ್ ಒತ್ತಿ ಹಿಡಿಯದೆ ಹತ್ತುವುದಿಲ್ಲ. ಈಗ ಎಡಗಾಲು ಕ್ಲಚ್ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ. ಇಳಿಜಾರಿನಲ್ಲಿ ಬ್ರೇಕ್ ತುಳಿಯೋದು ಯಾರು? ಸರಿಯಾಗಿಯೇ ಹಿಡಿದರು. ಗೇರಿನಲ್ಲಿ ನಿಲ್ಲಿಸಿದ ಕಾರಿನ ಕ್ಲಚ್ ತುಳಿದ ಕ್ಷಣ ಅದನ್ನು ಹಿಡಿದಿದ್ದ ಎಂಜಿನ್ನಿನ ತಡೆಯೂ ಹೋಗುತ್ತದೆ, ಕಾರು ಉರುಳುತ್ತದೆ. ಆಗ ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ. ಹಾಗಾಗಿ ಅವರಿಗೆ ನಾನು ಹೇಳಿದ್ದು ಹೀಗೆ: ಸ್ವಿಚ್ ತರುವ ಮೊದಲು ಹಿಂದಿನ ಡ್ರಮ್ ಬಿಚ್ಚಿಸಿ. ಲೈನರ್ ನೋಡಿಸಿ, ಎಣ್ಣೆ ಸೋರಿದ್ದರೆ ಸೀಲ್ ಹಾಕಿಸಿ, ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಗ್ರೀಸ್ ಹಾಕಿಸಿ ಬಿಗಿ ಮಾಡಿಸಿ. ಬೇರೇನೂ ಹಿಡಿಯದೆ, ಇಳಿಜಾರಿನಲ್ಲಿ, ಬರೀ ಹ್ಯಾಂಡ್‌ಬ್ರೇಕ್ ಮೇಲೆ ಕಾರು ನಿಲ್ಲಬೇಕು. ಅಲ್ಲಿಯವರೆಗೆ ಸ್ವಿಚ್ ಹಾಕಿಸಬೇಡಿ.